ದೂರುಗಲ್ಲು

ತುಂಗಭದ್ರೆಯ ಬಡಗಣ ದಂಡೆಯಲ್ಲಿ ಕೊರವಿಹಾಳವೆಂಬ ಊರಿದೆ. ಊರು ದಾಟಿ ಹೊಳೆಗೆ ಬೆನ್ನು ಮಾಡಿ ಜೋಳದ ಹೊಲಗಳ ನಡುವೆ ಅರ್ಧ ಹರದಾರಿ ನಡೆದರೆ ನೆಲ ಒಮ್ಮೆಲೇ ತಗ್ಗಾಗಿ ಅಗಲವಾದೊಂದು ಹಳ್ಳ ಎದುರಾಗುತ್ತದೆ. ಅದರಲ್ಲಿ ನೀರಿಲ್ಲ. ಎರಡೂ ಬದಿಗೆ ಜಾಲಿ ಬೆಳೆದಿದೆ. ತಳವನ್ನು ಕೆದಕಿದರೆ ಮಾತ್ರ ಹೊಳೆಯ ಮರಳು, ನುಣ್ಣನೆಯ ಹರಳು, ಕಪ್ಪೆಚಿಪ್ಪು ಸಿಗುತ್ತವೆ. ಊರವರು ಅದನ್ನು ಹಳೇಹೊಳೆ ಎನ್ನುತ್ತಾರೆ. ಅದರ ತೆಂಕಣ ದಡದಲ್ಲಿ ಎದೆಮಟ್ಟದ ಕರಿಬಂಡೆಯೊಂದು ಒಂಟಿಯಾಗಿ ನಿಂತಿದೆ. ರಸ್ತೆಯ ಬದಿಯ ಹಲಗೆಯಲ್ಲಿ ಇದರ ಹೆಸರನ್ನು ‘ದೂರಗಲ್ಲು’ ಎಂದು ಬರೆದಿದ್ದಾರೆ. ಹೊಳೆಗೆ ದೂರವಾಗಿರುವುದರಿಂದ ಆ ಹೆಸರು ಬಂದಿರಬೇಕೆಂದು ಬಂದವರು ತಾವೇ ಅರ್ಥ ಮಾಡಿಕೊಂಡು ಹೋಗುತ್ತಾರೆ. ಹಾಗಲ್ಲ. ಇದರ ಹೆಸರು ದೂರುಗಲ್ಲು. ಹೊಳೆಯಾಚೆ ಈಗ ಬೇರೆ ರಾಜ್ಯ. ಮರಳಿನ ತಂಟೆ ಎದ್ದಾಗಲೆಲ್ಲ ಎರಡೂ ಕಡೆಯ ಸರ್ವೆಯವರು ಯಂತ್ರ ಹೊತ್ತು ಬಂದು ಈ ಬಯಲಿನಲ್ಲಿ ನಿಂತು ವಾದಿಸುವುದನ್ನು ನಾನೇ ಕಂಡಿದ್ದೇನೆ. ಅವರಿಗೆ ಈ ಕಲ್ಲಿನ ಕಥೆ ಗೊತ್ತಿದ್ದಂತೆ ತೋರಲಿಲ್ಲ. ನನಗೆ ಇದನ್ನು ಹೇಳಿದವರು ನಮ್ಮ ದೊಡ್ಡಪ್ಪ. ಅವರಿಗೆ ಹೇಳಿದವರು ಕೊರವಿಹಾಳದ ಗೌಡರ ಮನೆಯವರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಸೀಮೆಯಲ್ಲಿ ಎರಡು ಸಣ್ಣ ಸಂಸ್ಥಾನಗಳಿದ್ದವು. ಬಡಗಣ ದಂಡೆ ಗೋನವಾಡದ ದೇಸಾಯಿಯದು, ತೆಂಕಣ ದಂಡೆ ಹಿರೇಕೊಂಡದ ನಾಯಕನದು. ಇಬ್ಬರೂ ಒಬ್ಬನೇ ಅರಸನಿಗೆ ಕಪ್ಪ ಕೊಡುತ್ತಿದ್ದರು. ಹೊಳೆಯೇ ಎಲ್ಲೆ ಎಂದು ಇಬ್ಬರ ಹಿರಿಯರೂ ಹಿಂದೆ ನೀರು ಮುಟ್ಟಿ ಆಣೆ ಮಾಡಿದ್ದರು. ಆಗ ಹೊಳೆ ಹರಿಯುತ್ತಿದ್ದುದು ಈಗಿನ ಹಳೇಹೊಳೆಯ ಜಾಡಿನಲ್ಲಿ. ಕೊರವಿಹಾಳ ಅದರ ತೆಂಕಣ ಬದಿಗಿದ್ದು ನಾಯಕನ ಊರಾಗಿತ್ತು. ಒಂದು ವರ್ಷ ಆಶ್ಲೇಷ ಮಳೆಯ ದಿನಗಳಲ್ಲಿ ಘಟ್ಟದ ಕಡೆ ಸುರಿದ ಮಳೆಗೆ ಹೊಳೆ ಉಕ್ಕಿ ಬಂದು, ಒಂದೇ ರಾತ್ರಿಯಲ್ಲಿ ಊರಿನ ಮೇಲುಗಡೆ ದಂಡೆ ಒಡೆದುಕೊಂಡು ತೆಂಕಣಕ್ಕೆ ಹೊಸ ಹಾದಿ ಮಾಡಿಕೊಂಡಿತಂತೆ. ದನ, ಗುಡಿಸಲು, ಮಲಗಿದ್ದ ಜನ ಎಲ್ಲವನ್ನೂ ಬಾಚಿಕೊಂಡು ಹೋಯಿತು. ನೀರಿಳಿದ ಮೇಲೆ ಉಳಿದವರು ನೋಡಿದರೆ ಊರು ಇದ್ದಲ್ಲೇ ಇತ್ತು, ಹೊಳೆ ಮಾತ್ರ ಊರಿನ ಇನ್ನೊಂದು ಬದಿಗೆ ಹರಿಯುತ್ತಿತ್ತು. ಹೀಗೆ ಕೊರವಿಹಾಳವೂ ಅದರ ಸುತ್ತಲಿನ ಎರೆಹೊಲಗಳೂ ದೇಸಾಯಿಯ ದಂಡೆಗೆ ಸೇರಿದಂತಾದವು.

ದೇಸಾಯಿ ಬಸವಂತರಾಯ ತಡಮಾಡಲಿಲ್ಲ. ಎಲ್ಲೆ ಹೊಳೆಯಾದ ಮೇಲೆ ಹೊಳೆಯೀಚೆಗಿನದೆಲ್ಲ ತನ್ನದು ಎಂದು ಡಂಗುರ ಹೊಡೆಸಿದ. ಆದರೆ ಅವನು ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಕಾಳು ಕೊಟ್ಟ, ಬಿತ್ತಲು ಎತ್ತು ಕೊಟ್ಟ, ಮೊದಲ ವರ್ಷ ಏನನ್ನೂ ಕೇಳಲಿಲ್ಲ. ಹಿರೇಕೊಂಡದಿಂದ ಆ ಹೊತ್ತಿಗೆ ಒಬ್ಬರೂ ಬಂದು ಸತ್ತಿರೋ ಬದುಕಿದ್ದೀರೋ ಎಂದು ವಿಚಾರಿಸಿರಲಿಲ್ಲ. ಊರ ಗೌಡನಾಗಿದ್ದವನು ದ್ಯಾವನಗೌಡ. ಮಾತು ಕಡಿಮೆಯವನು, ಯೋಚಿಸದೆ ಆಡುವವನಲ್ಲ. ಅವನ ಹೆಂಡತಿ ಮಾಳವ್ವ. ಅವರಿಗೆ ಸೋಮನಗೌಡನೆಂಬ ಒಬ್ಬನೇ ಮಗ. ಎರಡನೆಯ ವರ್ಷದ ಸುಗ್ಗಿಯಲ್ಲಿ ಗೌಡ ಊರವರನ್ನು ಕೂಡಿಸಿ, ಉಂಡ ಮನೆಗೆ ಕೊಡುವುದು ನ್ಯಾಯವೆಂದು ಹೇಳಿ, ಬೆಳೆಯ ಪಾಲನ್ನು ಗೋನವಾಡಕ್ಕೆ ಸಾಗಿಸಲು ಒಪ್ಪಿಸಿದ. ಪಾಲಿನ ಬಂಡಿಗಳೊಂದಿಗೆ ತಾನೇ ಹೋದ.

ಅವನು ಊರಲ್ಲಿಲ್ಲದ ಆ ದಿನವೇ ಹಿರೇಕೊಂಡದ ಕುದುರೆಗಳು ಹೊಳೆ ದಾಟಿದವು. ಮುಂದೆ ಇದ್ದವನು ನಾಯಕ ರಂಗಪ್ಪನ ತಮ್ಮ ಕೆಂಚನಾಯಕ. ಮಟಮಟ ಮಧ್ಯಾಹ್ನ, ಕಣಗಳಲ್ಲಿ ರಾಶಿ ನಡೆದಿತ್ತು. ಕುದುರೆ ಕಂಡ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಬರಿದಾಗಿದ್ದ ಹಗೇವುಗಳಲ್ಲಿ ಇಳಿದು ಮೇಲೆ ಹುಲ್ಲು ಎಳೆದುಕೊಂಡರು. ಕಾಳು ಹುಗಿದಿಡುವ ಆ ನೆಲದ ಗುಣಿಗಳಲ್ಲಿ ಮಾಳವ್ವನೂ ಇದ್ದಳು. ಗಂಡಸರಲ್ಲಿ ಓಡಿದವರು ಓಡಿದರು, ನಿಂತವರು ಕಡಿಸಿಕೊಂಡರು. ಸೋಮನಗೌಡ ತನ್ನ ಕಣ ಬಿಟ್ಟು ಕದಲಲಿಲ್ಲ.

“ನಮ್ಮ ಪಾಲು ಎಲ್ಲಿ?” ಎಂದು ಕೆಂಚನಾಯಕ ಕುದುರೆಯ ಮೇಲಿಂದಲೇ ಕೇಳಿದನಂತೆ.

“ದೇಸಾಯರಿಗೆ ಹೋತು. ನಾವು ನೀರಾಗ ಮುಳುಗಿದಾಗ ನೀವು ಬಂದಿದ್ರ ನಿಮಗ ಬರ್ತಿತ್ತು. ಹೊಳಿ ತಿರುಗೇತಿ, ನಾವು ತಿರುಗಿಲ್ಲ ದೊರೀ,” ಎಂದ ಸೋಮನಗೌಡ.

ಅದಕ್ಕೆ ಕೆಂಚನಾಯಕ ಮಾತಿನಿಂದ ಉತ್ತರ ಕೊಡಲಿಲ್ಲ. ಕಣದ ನಡುವಿನ ಮೇಟಿಗೆ, ಎತ್ತುಗಳನ್ನು ಕಟ್ಟಿ ಸುತ್ತಿಸುವ ಆ ಕಂಬಕ್ಕೆ, ಹುಡುಗನನ್ನು ಎತ್ತಿನ ಹಗ್ಗದಲ್ಲೇ ಬಿಗಿಸಿದ. ಸುತ್ತ ಒಣಗಿದ ದಂಟಿನ ಸಿವುಡುಗಳನ್ನು ಎದೆಯ ಮಟ್ಟಕ್ಕೆ ಒಟ್ಟಿಸಿದ. ತಾನೇ ಬಗ್ಗಿ ಬೆಂಕಿ ಇಟ್ಟ. ಹಗೇವಿನೊಳಗಿದ್ದ ತಾಯಿಗೆ ಮಗನ ಕೂಗು ಕೇಳಿತು. ಮೇಲೇಳಲು ಹೋದವಳನ್ನು ಉಳಿದ ಹೆಂಗಸರು ಬಾಯಿ ಮುಚ್ಚಿ, ಮೇಲೆ ಕೂತು ಹಿಡಿದುಕೊಂಡರು, ಏಕೆಂದರೆ ಅವಳು ಎದ್ದರೆ ಅಲ್ಲಿದ್ದ ಮಕ್ಕಳೆಲ್ಲ ಸಾಯುತ್ತಿದ್ದರು. ಕೂಗು ನಿಂತ ಮೇಲೂ ಅವರು ಅವಳನ್ನು ಬಿಡಲಿಲ್ಲ. ಗೌಡ ಮರಳಿ ಬಂದಾಗ ಕಣದಲ್ಲಿ ಅರೆಸುಟ್ಟ ಮೇಟಿಯೂ ಅದಕ್ಕೆ ಅಂಟಿಕೊಂಡಿದ್ದ ಕರಿಯ ಮೂಳೆಗಳೂ ಇದ್ದವು. ಅವನು ಅವನ್ನು ತನ್ನ ಧೋತರದಲ್ಲಿ ಆರಿಸಿ ಕಟ್ಟಿದ. ಮಾಳವ್ವ ಒಂದು ಮಾತು ಕೇಳಿದಳು: “ಇದಕ ಕೇಳವರು ಯಾರದಾರ?” ಅವನು ಗಂಟನ್ನು ಒಯ್ದು ಮನೆಯ ಜಂತಿಗೆ ತೂಗುಹಾಕಿದ.

ಆಮೇಲೆ ಹೊಳೆಯ ಎರಡೂ ದಂಡೆ ಉರಿಯತೊಡಗಿದವು. ದೇಸಾಯಿಯ ಮಂದಿ ಆಚೆ ದಾಟಿ ಒಂದು ಊರನ್ನೇ ಸುಟ್ಟು, ಕೊಯ್ದ ತಲೆಗಳನ್ನು ಆಲದ ಬಿಳಲುಗಳಿಗೆ ಕಟ್ಟಿ ಬಂದರು. ನಾಯಕನ ಮಂದಿ ನೀರಿಗೆ ಬಂದ ಹೆಂಗಸರ ಕೈ ಕಡಿದರು. ಅಂಬಿಗರು ಹರಿಗೋಲು ಹಾಕುವುದನ್ನೇ ಬಿಟ್ಟರು. ಹುಟ್ಟು ಹಾಕಿದರೆ ನೀರಿನಲ್ಲಿ ಹೆಣ ತಗಲುತ್ತಿತ್ತು ಎನ್ನುತ್ತಾರೆ. ಬಿತ್ತುವವರಿಲ್ಲದೆ ಹೊಲ ಬೀಳುಬಿದ್ದವು, ಕಪ್ಪ ನಿಂತಿತು. ಕಪ್ಪ ನಿಂತಾಗ ಮಾತ್ರ ಅರಸನಿಗೆ ಈ ಸೀಮೆಯ ನೆನಪಾಯಿತು. ರಾಜಧಾನಿಯಿಂದ ನರಹರಿ ಪಂಡಿತನೆಂಬ ಮುಪ್ಪಿನ ಧರ್ಮಾಧಿಕಾರಿಯನ್ನು ದೊಡ್ಡದೊಂದು ಕುದುರೆಪಡೆಯೊಂದಿಗೆ ಕಳಿಸಿ, ಎಲ್ಲೆಯ ನ್ಯಾಯ ಮುಗಿಸಿಬರಬೇಕೆಂದೂ ತೀರ್ಪು ಮೀರಿದವನ ಸಂಸ್ಥಾನವನ್ನೇ ಕಿತ್ತುಕೊಳ್ಳಬೇಕೆಂದೂ ಅಪ್ಪಣೆ ಕೊಟ್ಟ.

ನ್ಯಾಯದ ಸಭೆ ಕೊರವಿಹಾಳದ ಹನುಮಪ್ಪನ ಗುಡಿಯ ಮುಂದೆ ಕೂಡಿತು. ದೇಸಾಯಿಯ ಕಡೆಯವರು, ಹಿರಿಯರ ಆಣೆಯ ಪ್ರಕಾರ ಹೊಳೆಯೇ ಎಲ್ಲೆ, ಹೊಳೆ ಎಲ್ಲಿಗೆ ಹೋದರೆ ಎಲ್ಲೆ ಅಲ್ಲಿಗೆ ಎಂದು ವಾದಿಸಿದರು. ನಾಯಕನ ಕಡೆಯವರು, ಆಣೆ ಮಾಡಿದ್ದು ಆಗಿನ ಹೊಳೆಯ ಮೇಲೆ, ನೆಲ ನಡೆದು ಹೋಗಿಲ್ಲ, ನೀರು ಹಾದಿ ತಪ್ಪಿದರೆ ನೆಲದೊಡೆಯ ಬದಲಾಗುವುದಿಲ್ಲ ಎಂದರು. ಪಂಡಿತ ಎರಡನ್ನೂ ಕೇಳಿ, ಶಾಸ್ತ್ರವನ್ನು ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದ. ಹೊಳೆ ವರ್ಷವರ್ಷವೂ ದಂಡೆಯನ್ನು ಇಷ್ಟಿಷ್ಟೇ ತಿಂದು ಸರಿದಿದ್ದರೆ ಎಲ್ಲೆಯೂ ಅದರೊಂದಿಗೆ ಸರಿಯುತ್ತದೆ. ಒಮ್ಮೆಲೇ ಹಾರಿ ಹೊಸ ಹಾದಿ ಹಿಡಿದಿದ್ದರೆ ಎಲ್ಲೆ ಹಳೆಯ ಜಾಡಿನಲ್ಲೇ ಉಳಿಯುತ್ತದೆ. ಕೂಡಲೇ ದೇಸಾಯಿಯ ಸಾಕ್ಷಿಗಳು ಹೊಳೆ ಇಷ್ಟಿಷ್ಟೇ ಸರಿಯಿತೆಂದೂ ನಾಯಕನ ಸಾಕ್ಷಿಗಳು ಒಮ್ಮೆಲೇ ಹಾರಿತೆಂದೂ ಗಂಗಾಜಲ ಮುಟ್ಟಿ ಹೇಳಿದರು. ಇಬ್ಬರಲ್ಲಿ ಒಬ್ಬರು ಸುಳ್ಳರು. ಆಗ ಪಂಡಿತ, ಹಿಂದಿನಿಂದ ಬಂದ ಪದ್ಧತಿಯಂತೆ ಈ ಊರಿನ ಗೌಡ ಹಸಿದೊಗಲು ಹೊದ್ದು, ಊರಮಣ್ಣನ್ನು ತಲೆಯ ಮೇಲೆ ಹೊತ್ತು ಎಲ್ಲೆ ನಡೆಯಲಿ, ಅವನು ನಡೆದದ್ದೇ ಎಲ್ಲೆ ಎಂದ. ದೇಸಾಯಿಯೂ ನಾಯಕನೂ ಅದಕ್ಕೊಪ್ಪಿ ತಮ್ಮ ಕತ್ತಿಗಳ ಮೇಲೆ ಕೈಯಿಟ್ಟು ಆಣೆ ಮಾಡಿದರು.

ದ್ಯಾವನಗೌಡ ಎದ್ದು ನಿಂತು ಪಂಡಿತನನ್ನು ಒಂದು ಮಾತು ಕೇಳಿದ. “ಬುದ್ಧೀ, ಈ ತಂಟೇದಾಗ ಭಾಳ ಮಂದಿ ಸತ್ತಾರ. ಅದರ ನ್ಯಾಯ ಹೆಂಗ?”

“ಹಗೆಯ ನೆಲದಲ್ಲಿ ಹಗೆಯನ್ನು ಕೊಂದರೆ ಅದು ಕಾಳಗ. ಅದಕ್ಕೆ ಯಾವ ಚಾವಡಿಯಲ್ಲೂ ನ್ಯಾಯವಿಲ್ಲ,” ಎಂದ ಪಂಡಿತ. “ಕಾಯುತ್ತೇನೆಂದು ಆಣೆ ಮಾಡಿದವನು ತನ್ನ ಒಕ್ಕಲನ್ನೇ ತನ್ನ ನೆಲದಲ್ಲಿ ಕೊಂದರೆ ಅದು ಕೊಲೆ. ಅದಕ್ಕೆ ದೊರೆಯ ಮನೆಯವನಾದರೂ ತಲೆ ಕೊಡಬೇಕು. ಏಕೆ ಕೇಳಿದೆ?”

“ತಿಳಕೊಬೇಕಂತ ಕೇಳಿದೆ,” ಎಂದು ಗೌಡ ಕುಳಿತ.

ನಡೆಯುವ ದಿನದ ಬೆಳಿಗ್ಗೆ ದೇಸಾಯಿ ಬಸವಂತರಾಯ ತಾನೇ ಗೌಡನ ಮನೆಯ ಕಟ್ಟೆಗೆ ಬಂದ. ಕೆಟ್ಟವನಲ್ಲ ಅವನು. “ದ್ಯಾವನಗೌಡ್ರ, ನಾನು ಹೇಳೋದು ಏನೈತಿ? ನಿಮ್ಮ ಮಗನ್ನ ಸುಟ್ಟವರು ಯಾರು, ನಿಮಗ ಅನ್ನ ಕೊಟ್ಟವರು ಯಾರು ನಿಮಗ ಗೊತ್ತೈತಿ. ಹೊಳಿ ದಂಡಿ ಹಿಡದು ನಡೀರಿ, ಸಾಕು,” ಎಂದ. ಊರ ಹಿರಿಯರೂ ಅದನ್ನೇ ಹೇಳಿದರು. ಮಾಳವ್ವನ ಅಣ್ಣ ಈರಪ್ಪ, ದಾರಿ ತಪ್ಪಿ ಆ ಕೊಲೆಗಡುಕರ ಕೈಗೆ ನಮ್ಮನ್ನು ಕೊಟ್ಟರೆ ನೀನು ನನ್ನ ತಂಗಿಯ ಗಂಡನೆಂದು ನೋಡುವುದಿಲ್ಲ ಎಂದ. ಗೌಡ ಎಲ್ಲರಿಗೂ ತಲೆಯಾಡಿಸಿದ. ಅವರು ಹೋದ ಮೇಲೆ ಒಳಗೆ ಬಂದು ಹೆಂಡತಿಯ ಎದುರು ಕೂತ.

“ಸುಳ್ಳು ನಡದ್ರ ನಾವು ಸುಖದಿಂದ ಇರ್ತೀವಿ,” ಎಂದ. “ನಮ್ಮ ಸೋಮ್ಯಾ ಮಾತ್ರ ಕಾಳಗದಾಗ ಸತ್ತ ಹಗಿ ಆಗ್ತಾನ. ಯಾರೂ ಕೇಳಂಗಿಲ್ಲ.”

ಮಾಳವ್ವನಿಗೆ ಅರ್ಥವಾಗಿತ್ತು. “ಖರೇ ನಡದ್ರ ನೀವು ಉಳಿಯಂಗಿಲ್ಲ,” ಎಂದಳು.

“ಇಲ್ಲ,” ಎಂದ ಅವನು.

ಅವಳು ಎದ್ದು ಮಡಕೆ ತಂದು, ಅಂಗಳದ ಮಣ್ಣನ್ನು ತಾನೇ ಬಗೆದು ತುಂಬಿ ಕೊಟ್ಟಳು.

ಆಗಷ್ಟೇ ಕಡಿದ ಕೋಣದ ತೊಗಲನ್ನು ನೆತ್ತರು ಸೋರುತ್ತಿರುವಂತೆಯೇ ಗೌಡನ ಹೆಗಲಿಗೆ ಹೊದಿಸಿದರು. ಮಣ್ಣಿನ ಮಡಕೆಯನ್ನು ತಲೆಗೇರಿಸಿದರು. ಬಿಸಿಲೇರಿತ್ತು, ನೊಣಗಳು ಮೋಡದಂತೆ ಮುತ್ತಿದವು. ಗುಡಿಯಿಂದ ಹೊರಟವನ ಹಿಂದೆ ಪಂಡಿತನ ಪಲ್ಲಕ್ಕಿ, ಎರಡೂ ಪಕ್ಕಕ್ಕೆ ಎರಡು ಸಂಸ್ಥಾನಗಳ ಮಂದಿ, ಹಿಂದಿನಿಂದ ಇಡೀ ಊರು. ಊರಬಾಗಿಲಲ್ಲಿ ದಾರಿ ಎರಡಾಗುತ್ತದೆ: ತೆಂಕಣಕ್ಕೆ ಹೊಳೆ, ಬಡಗಣಕ್ಕೆ ಹಳೆಯ ಜಾಡು. ಗೌಡ ಅಲ್ಲಿ ನಿಲ್ಲಲೂ ಇಲ್ಲ, ಬಡಗಣಕ್ಕೆ ತಿರುಗಿದ. ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಹೆಂಗಸರು ಗೋಳಾಡುತ್ತ ಮಣ್ಣು ತೂರತೊಡಗಿದರು. ಒಬ್ಬ ಮುದುಕ ಅಡ್ಡಬಂದು ಗೌಡನ ಮುಖಕ್ಕೆ ಉಗುಳಿದ. ಈರಪ್ಪ ಬೀಸಿದ ಕಲ್ಲು ಹುಬ್ಬಿನ ಮೇಲೆ ಬಿದ್ದು, ಮನುಷ್ಯನ ನೆತ್ತರೂ ಕೋಣದ ನೆತ್ತರೂ ಒಂದಾಗಿ ಎದೆಗೆ ಇಳಿದವು. ಕೆಂಚನಾಯಕ ಕುದುರೆಯನ್ನು ಪಕ್ಕಕ್ಕೆ ತಂದು, “ಮಗನಿಗಿಂತ ಅಪ್ಪಗ ಬುದ್ಧಿ ಐತಿ,” ಎಂದು ನಕ್ಕ. ಗೌಡ ಅವನ ಕಡೆ ನೋಡಲಿಲ್ಲ. ಹಳೆಯ ಜಾಡಿನ ಅಂಚು ಮುಟ್ಟಿ, ಅದರ ಗುಂಟ ನಡೆದು, ದಡದ ಕರಿಬಂಡೆಯ ಹತ್ತಿರ ನಿಂತ.

“ಹೊಳೆ ಒಂದೇ ಸಲಕ್ಕೆ ಹಾರಿತೆ?” ಎಂದು ಪಂಡಿತ ಪಲ್ಲಕ್ಕಿಯಿಂದಿಳಿದು ಕೇಳಿದ.

“ಒಂದೇ ರಾತ್ರಿಗೆ, ಬುದ್ಧೀ. ನಮ್ಮವ್ವನ ಆ ನೀರೇ ಒಯ್ತು.”

ಪಂಡಿತ ತೀರ್ಪು ಹೇಳಿದ. ಎಲ್ಲೆ ಹಳೆಯ ಹೊಳೆ. ಕೊರವಿಹಾಳ ನಾಯಕನದು, ಅಂದೂ ನಾಯಕನದಾಗಿತ್ತು, ಇಂದೂ ನಾಯಕನದು. ತೆಂಕಣದವರು ಕೊಂಬು ಊದಿದರು, ಕುದುರೆಗಳನ್ನು ಕುಣಿಸಿದರು. ದೇಸಾಯಿ ತಲೆ ತಗ್ಗಿಸಿದ. ಆ ಗದ್ದಲದ ನಡುವೆ ದ್ಯಾವನಗೌಡ ತೊಗಲನ್ನು ಕಳಚದೆ, ಮಡಕೆಯನ್ನು ಇಳಿಸದೆ, ಒಂದು ಕೈಯೂರಿ ಬಂಡೆಯ ಮೇಲೆ ಹತ್ತಿದ. ಕೊಂಬುಗಳು ಒಂದೊಂದಾಗಿ ನಿಂತವು.

“ನಂದೊಂದು ದೂರು ಐತಿ,” ಎಂದ. “ನಾನು ಹಿರೇಕೊಂಡದ ಒಕ್ಕಲು. ಈಗ ನೀವೇ ಹಂಗಂತ ತೀರ್ಪು ಕೊಟ್ಟೀರಿ. ನನ್ನ ಮಗ ಸೋಮನಗೌಡನೂ ಹಿರೇಕೊಂಡದ ಒಕ್ಕಲು. ಹಿರೇಕೊಂಡದ ನೆಲದಾಗ, ತನ್ನ ಕಣದಾಗ, ಕೈಯಾಗ ಆಯುಧ ಇಲ್ಲದ ನಿಂತವನ್ನ ಮೇಟಿಗೆ ಕಟ್ಟಿ ಸುಟ್ಟಾರ. ಸುಟ್ಟವ ಕೆಂಚನಾಯಕ. ನಮ್ಮ ದೊರಿ ಮುಂದ, ನಿಮ್ಮ ಮುಂದ ದೂರು ಇಟ್ಟೀನಿ. ಇದು ಕಾಳಗೋ, ಕೊಲೆಯೋ ಹೇಳ್ರಿ.”

ಮೊದಲು ಅರ್ಥವಾದದ್ದು ನಾಯಕ ರಂಗಪ್ಪನಿಗೆ. ಅವನು ಕುದುರೆಯಿಂದ ಧುಮುಕಿ ಪಂಡಿತನ ಬಳಿಗೆ ಬಂದು, “ಸ್ವಾಮೀ, ಈ ನೆಲ ನಮಗ ಬೇಡ. ದೇಸಾಯರಿಗೇ ಇರಲಿ. ಹೊಳಿಯೇ ಗಡಿ ಅಂತ ಬರಸ್ರಿ,” ಎಂದ. ಯಾವ ನೆಲಕ್ಕಾಗಿ ಅವನು ಅಷ್ಟು ನೆತ್ತರು ಹರಿಸಿದ್ದನೋ ಅದನ್ನು ಅವನು ಬೇಡಿಕೊಂಡು ಹಿಂದಿರುಗಿಸುತ್ತಿದ್ದ. ಪಂಡಿತ, “ಎಲ್ಲೆ ನಡೆದಾಯಿತು ನಾಯಕರೇ. ಆಣೆ ನಿಮ್ಮ ಕತ್ತಿಯ ಮೇಲಿದೆ,” ಎಂದಷ್ಟೇ ಹೇಳಿ, ಇದು ಕೊಲೆ ಎಂದು ಗಟ್ಟಿಯಾಗಿ ಸಾರಿದ.

ಆ ಮಾತು ಮುಗಿಯುವಷ್ಟರಲ್ಲಿ ಕೆಂಚನಾಯಕ ಕುದುರೆಯನ್ನು ಬಂಡೆಗೆ ನುಗ್ಗಿಸಿ ಈಟಿ ಬೀಸಿದ್ದ. ಈಟಿ ಕೋಣದ ತೊಗಲನ್ನೂ ಗೌಡನ ಎದೆಯನ್ನೂ ಹಾದು ಬೆನ್ನಲ್ಲಿ ಹೊರಬಂತು. ಮಡಕೆ ಬಂಡೆಯ ಮೇಲೆ ಒಡೆದು ಊರಮಣ್ಣು ಚೆಲ್ಲಿತು; ಗೌಡ ಅದರ ಮೇಲೆಯೇ ಕುಸಿದ. ಅವನ ಕಣ್ಣು ತೆರೆದಿತ್ತು, ಉಸಿರು ಸ್ವಲ್ಪ ಹೊತ್ತು ಇತ್ತು, ಆಮೇಲೆ ಅದೂ ನಿಂತಿತು. ಅರಸನ ಕುದುರೆಪಡೆ ಸುತ್ತುಗಟ್ಟಿ ಕೆಂಚನಾಯಕನನ್ನು ಕೆಳಗೆ ಕೆಡವಿತು. ಹೊಡೆದಾಟದಲ್ಲಿ ಅವನ ಕಡೆಯ ಹಲವರು ಅಲ್ಲೇ ಸತ್ತರು. ಅವನ ಬಲಗೈಯ ಬೆರಳುಗಳು ಕತ್ತಿಯೊಂದಿಗೇ ಕಡಿದುಬಿದ್ದವು. ಅವನ ಕೈಗಳನ್ನು ಹಿಂದಕ್ಕೆ ಕಟ್ಟಿ, ಬಂಡೆಯ ಬುಡದಲ್ಲಿ ಮಂಡಿಯೂರಿಸಿದರು.

ಒಕ್ಕಲ ದೂರಿಗೆ ದೊರೆಯೇ ಉತ್ತರ ಕೊಡಬೇಕು, ಕೊಲೆಗಾರನ ತಲೆಯನ್ನು ನಾಯಕನೇ ಕಡಿಯಬೇಕು ಎಂದು ಪಂಡಿತ ಹೇಳಿದ. ನಾಯಕ ಕತ್ತಿ ಹಿಡಿದು ನಿಂತನೇ ಹೊರತು ಕಾಲು ಕೀಳಲಾರದಾದ. ಆ ತಮ್ಮನನ್ನು ಅವನು ಹೆಗಲ ಮೇಲೆ ಆಡಿಸಿ ಬೆಳೆಸಿದ್ದನಂತೆ. ಅವನು ಮಾಳವ್ವನ ಕಡೆ ತಿರುಗಿದ. ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂಡೆಯ ಮೇಲೆ ಕೂತಿದ್ದಳು.

“ತಾಯೀ, ನೀನು ಬಿಡು ಅಂದ್ರ ಬಿಡ್ತಾರ. ಈ ಊರು ನನಗ ಎಂದೂ ಏನೂ ಕೊಡೋದು ಬೇಡ. ಅವನೊಬ್ಬನ್ನ ಬಿಟ್ಟುಬಿಡು,” ಎಂದ ನಾಯಕ.

ಮಾಳವ್ವ ತಲೆಯೆತ್ತಿದಳು. “ನನ್ನ ಗಂಡ ತಾನು ನಡಿಯೋದು ನಡದು ಮುಗಿಸ್ಯಾನ,” ಎಂದಳು. “ಇನ್ನ ನೀನು ನಡಿಬೇಕಪ್ಪ.”

ನಾಯಕ ನಡೆದ. ಅವನಿದ್ದಲ್ಲಿಂದ ಬಂಡೆಗೆ ಹತ್ತಾರು ಹೆಜ್ಜೆಯೂ ಇರಲಿಲ್ಲ, ಆದರೂ ಅವನು ತಲುಪಲು ಬಹಳ ಹೊತ್ತಾಯಿತು ಎನ್ನುತ್ತಾರೆ. ಕೆಂಚನಾಯಕ ಮೊದಲು ಬೈದ, ಆಮೇಲೆ ಅಣ್ಣಾ ಎಂದ, ಕೊನೆಗೆ ಬರಿದೆ ಅತ್ತ. ಮೊದಲ ಹೊಡೆತ ಹೆಗಲಿಗೆ ಬಿತ್ತು. ಎರಡನೆಯದಕ್ಕೂ ಮುಗಿಯಲಿಲ್ಲ. ಅರಸನ ದಳವಾಯಿ ಮುಂದೆ ಬಂದು ತಾನು ಮುಗಿಸುತ್ತೇನೆಂದ. ನಾಯಕ ಅವನನ್ನು ತಳ್ಳಿ, ತಮ್ಮನ ಜುಟ್ಟು ಹಿಡಿದು ಮುಖವನ್ನು ತನ್ನ ಎದೆಗೊತ್ತಿಕೊಂಡು ಮೂರನೆಯ ಸಲ ಕಡಿದ. ಆ ಕತ್ತಿಯನ್ನು ಹಳೇಹೊಳೆಯ ಮರಳಿನಲ್ಲಿ ನೆಟ್ಟು, ಕುದುರೆ ಹತ್ತದೆ, ಕಾಲ್ನಡೆಯಲ್ಲೇ ಹಿರೇಕೊಂಡಕ್ಕೆ ಹೋದನಂತೆ. ಮುಂದೆ ಅವನು ಬದುಕಿರುವತನಕ ಅವನ ಕುದುರೆಯೂ ಈಚೆ ದಾಟಲಿಲ್ಲ, ದೇಸಾಯಿಯದೂ ಆಚೆ ದಾಟಲಿಲ್ಲ. ಕೊರವಿಹಾಳದವರು ತೆಂಕಣಕ್ಕೇ ಪಾಲು ಕೊಟ್ಟರು. ಹರಿಗೋಲಿನಲ್ಲಿ ಸಾಗಿಸಿ ಕೊಟ್ಟರು. ಗೌಡನ ಹೆಣವನ್ನು ಅವನಿಗೆ ಕಲ್ಲೆಸೆದ ಈರಪ್ಪನೇ ಹೊತ್ತ. ಬೇರೆಯವರು ಹೆಗಲು ಕೊಡಲು ಬಂದಾಗ, ಬೇಡ ಎಂದು ಒಬ್ಬನೇ ಹೊತ್ತ. ಮಾಳವ್ವ ಬಂಡೆಯ ಮೇಲೆ ಚೆಲ್ಲಿದ್ದ ಮಣ್ಣನ್ನು ನೆತ್ತರು ಹೀರಿಕೊಂಡಿದ್ದಂತೆಯೇ ಬಾಚಿ, ಗಂಡನನ್ನೂ ಮಗನ ಮೂಳೆಗಳನ್ನೂ ಇಟ್ಟ ಗುಣಿಗೆ ಹಾಕಿದಳು.

ಇಂದು ಅಲ್ಲಿಗೆ ಹೋದವರಿಗೆ ಬಂಡೆಯ ತಲೆಯ ಮೇಲೆ ಇಬ್ಬರು ನಿಲ್ಲುವಷ್ಟು ಸವೆದು ನುಣುಪಾದ ಜಾಗ ಕಾಣುತ್ತದೆ. ಗುಡಿಯಿಲ್ಲ, ಪೂಜಾರಿಯಿಲ್ಲ, ಕುಂಕುಮವನ್ನೂ ಯಾರೂ ಹಚ್ಚುವುದಿಲ್ಲ. ನ್ಯಾಯ ಎಲ್ಲೂ ಸಿಗದವರು ಅಮಾವಾಸ್ಯೆಯ ಹಗಲಿನಲ್ಲಿ ಬಂದು, ಆ ಜಾಗದಲ್ಲಿ ನಿಂತು, ತಮ್ಮ ದೂರನ್ನು ಗಟ್ಟಿಯಾಗಿ ಒಂದೇ ಸಲ ಹೇಳಿ ಇಳಿಯುತ್ತಾರೆ. ಯಾರ ಮೇಲೆ ದೂರೋ ಅವನು ಈ ಸೀಮೆಯವನಾದರೆ, ಕರೆ ಬಂದಾಗ ಬಂದು ಬಂಡೆಯ ಬುಡದಲ್ಲಿ ನಿಂತು ಕೊನೆಯವರೆಗೆ ಕೇಳಬೇಕು, ಎದುರಾಡಬಾರದು. ಅದಕ್ಕಿಂತ ಹೆಚ್ಚಿನದೇನೂ ಅಲ್ಲಿ ನಡೆಯುವುದಿಲ್ಲ. ಕಳೆದ ಸಲ ನಾನು ಹೋದಾಗ ಹೊಳೆಯಾಚೆಯ ಊರಿನ ಒಬ್ಬ ಹೆಂಗಸು ಮೇಲೆ ನಿಂತಿದ್ದಳು. ಕೆಳಗೆ, ಚಪ್ಪಲಿ ಬಿಟ್ಟು, ಒಬ್ಬ ಮಧ್ಯವಯಸ್ಸಿನ ಗಂಡಸು ನಿಂತಿದ್ದ. ಅವಳು ತನ್ನ ಮಗನ ಹೆಸರು ಹೇಳಿದಳು, ಅವನನ್ನು ಎಲ್ಲಿ, ಹೇಗೆ ಕೊಂದರೆಂದು ಹೇಳಿದಳು, ಇಳಿದಳು, ಸೆರಗು ಕೊಡವಿಕೊಂಡು ಹೊಳೆಯ ಕಡೆಗೆ ಹೊರಟುಹೋದಳು. ಆ ಗಂಡಸು ತಲೆಯೆತ್ತಲಿಲ್ಲ. ನಾವು ರಸ್ತೆ ತಲುಪಿ ತಿರುಗಿ ನೋಡಿದಾಗಲೂ ಅವನು ಅಲ್ಲೇ, ಬಿಸಿಲಿನಲ್ಲಿ ನಿಂತಿದ್ದ.